ಸಂತ ಅಗಸ್ಟೀನರ ಹೆಸರಿಲ್ಲದ ಗೆಳೆಯ

ಆಗಸ್ಟ್ 28ರಂದು ಧರ್ಮಸಭೆ ಸ್ಮರಿಸುವ ಸಂತ ಅಗಸ್ಟೀನರು ಮಹಾಪಂಡಿತರು, ಹಿಪ್ಪೋ ನಗರದ ಧರ್ಮಾಧ್ಯಕ್ಷರು, ತಾಯಿ ಮೋನಿಕಾರ ಕಣ್ಣೀರಿನ ಪ್ರಾರ್ಥನೆಯ ಫಲ ಎಂಬುದನ್ನು ನಮ್ಮ ಕುಟುಂಬಗಳು ಬಲ್ಲವು. ಹರೆಯದಲ್ಲಿ ಅವರೇ ಸುರಿಸಿದ ಕಣ್ಣೀರಿನ ಕಥೆ ಅಷ್ಟಾಗಿ ಪ್ರಚಲಿತವಲ್ಲ.

ಕ್ರಿ.ಶ. 354ರಲ್ಲಿ, ಇಂದಿನ ಆಲ್ಜೀರಿಯಾಕ್ಕೆ ಸೇರಿದ ತಗಾಸ್ತೆ ಎಂಬ ಪಟ್ಟಣದಲ್ಲಿ ಜನಿಸಿದ ಅವರು ಕಾರ್ಥೇಜಿನಲ್ಲಿ ವ್ಯಾಸಂಗ ಮುಗಿಸಿ, ಅಧ್ಯಾಪಕರಾಗಿ ಹುಟ್ಟೂರಿಗೆ ಮರಳಿದರು. ಅಲ್ಲಿ ಬಾಲ್ಯದ ಸಹಪಾಠಿಯೊಬ್ಬನೊಡನೆ ಗಾಢ ಸ್ನೇಹ ಬೆಳೆಯಿತು. ಆಗ ಅಗಸ್ಟೀನರು ಮಾನಿಕೇಯ ಪಂಥದ ಅನುಯಾಯಿಗಳಾಗಿದ್ದು, ಗೆಳೆಯನನ್ನೂ ಕ್ರೈಸ್ತ ವಿಶ್ವಾಸದಿಂದ ಅತ್ತ ಸೆಳೆದಿದ್ದರು. ವರ್ಷ ತುಂಬುವ ಮೊದಲೇ ಗೆಳೆಯ ತೀವ್ರ ಜ್ವರದಿಂದ ಪ್ರಜ್ಞೆ ತಪ್ಪಿ ಮಲಗಿದ. ಬದುಕುವ ಆಸೆ ಕಾಣದಿದ್ದಾಗ ಅದೇ ಸ್ಥಿತಿಯಲ್ಲಿ ಅವನಿಗೆ ಜ್ಞಾನಸ್ನಾನವನ್ನು ನೀಡಲಾಯಿತು. ಅನಿರೀಕ್ಷಿತವಾಗಿ ಅವನು ಚೇತರಿಸಿಕೊಂಡ. ಅವನೂ ತಮ್ಮೊಡನೆ ನಗುವನೆಂದು ಭಾವಿಸಿ ಅಗಸ್ಟೀನರು ಆ ಜ್ಞಾನಸ್ನಾನವನ್ನು ಪರಿಹಾಸ ಮಾಡಿದರು. ಅವನು ಶತ್ರುವನ್ನು ಕಂಡವನಂತೆ ಬೆಚ್ಚಿ, ಸ್ನೇಹ ಉಳಿಯಬೇಕಾದರೆ ಇಂತಹ ಮಾತು ಕೂಡದೆಂದು ಕಟುವಾಗಿ ಎಚ್ಚರಿಸಿದ. ಪೂರ್ಣ ಗುಣವಾದ ಮೇಲೆ ಮಾತನಾಡಿದರಾಯಿತೆಂದು ಅಗಸ್ಟೀನರು ಸುಮ್ಮನಾದರು. ಕೆಲವೇ ದಿನಗಳಲ್ಲಿ ಜ್ವರ ಮರುಕಳಿಸಿ, ಅವರು ಬಳಿಯಿಲ್ಲದ ಹೊತ್ತಿನಲ್ಲಿ ಗೆಳೆಯ ತೀರಿಕೊಂಡ.

ಹುಟ್ಟೂರೇ ಅವರಿಗೆ ಯಾತನೆಯ ಸ್ಥಳವಾಯಿತು. ಇಬ್ಬರೂ ಸುತ್ತಾಡಿದ್ದ ಎಡೆಗಳಲ್ಲೆಲ್ಲ ಕಣ್ಣು ಅವನನ್ನೇ ಅರಸುತ್ತಿತ್ತು. ಅವನೇ ಇಲ್ಲದ ಮೇಲೆ ಉಳಿದವರು ಹೇಗೆ ಬದುಕಿದ್ದಾರೆಂದು ವಿಸ್ಮಯವಾಗುತ್ತಿತ್ತು. ಬದುಕು ಬೇಸರ, ಆದರೆ ಸಾವೂ ಭಯ. ದೇವರಲ್ಲಿ ಭರವಸೆಯಿಡೆಂದು ತಮ್ಮ ಆತ್ಮಕ್ಕೆ ಹೇಳಿದರೆ ಅದು ಕೇಳಲಿಲ್ಲ. ಕೇಳದಿದ್ದುದು ಸಹಜವೇ ಎಂದು ಅವರು ಮುಂದೆ ಬರೆದರು: ಆಗ ಅವರು ದೇವರೆಂದು ನಂಬಿದ್ದುದು ಬರಿಯ ಕಲ್ಪನೆ, ಕಳೆದುಹೋದ ಗೆಳೆಯನಾದರೋ ನಿಜವಾದ ಮನುಷ್ಯ. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಓದಿದ ಅನೇಕ ವಾದಗಳಿಗಿಂತ ಈ ಒಂದು ವಿಚಾರ ಆಳವಾದುದು. ಸ್ನೇಹಿತನನ್ನು ಮಣ್ಣು ಮಾಡಿ ಬಂದ ಮಗನಿಗೆ ಅದೇ ಸಂಜೆ ದೈವಚಿತ್ತದ ಉಪದೇಶ ಮಾಡುವ ಹಿರಿಯರು, ಧರ್ಮಗುರುಗಳೂ ಸೇರಿ, ಇದನ್ನು ಮನನ ಮಾಡಬೇಕು.

ಅಗಸ್ಟೀನರು ತಗಾಸ್ತೆಯನ್ನು ತೊರೆದು ಕಾರ್ಥೇಜಿಗೆ ಹೋದರು. ಅದನ್ನು ಹೇಡಿತನವೆನ್ನಲಾಗದು. ಅಲ್ಲಿ ಹೊಸ ಗೆಳೆಯರೊಡನೆ ಓದು, ನಗೆ, ದ್ವೇಷವಿಲ್ಲದ ಜಗಳ, ಬಾರದವರಿಗಾಗಿ ಕಾಯುವ ಕಾತರ ಇವೆಲ್ಲ ನಿಧಾನವಾಗಿ ಅವರನ್ನು ಬದುಕಿಗೆ ಮರಳಿಸಿದವು. ಸಾಯಬೇಕಾದ ಮನುಷ್ಯನನ್ನು ಎಂದೂ ಸಾಯದವನೆಂಬಂತೆ ಪ್ರೀತಿಸಿದ್ದೇ ಆ ಶೋಕದ ಮೂಲವೆಂಬ ತಿಳಿವು ಬಂದದ್ದು ಬಹುಕಾಲದ ನಂತರ. ಹಾಗೆಂದು ಸ್ನೇಹವನ್ನು ಅವರು ತ್ಯಜಿಸಲಿಲ್ಲ. ಸ್ನೇಹಿತರನ್ನು ದೇವರಲ್ಲಿ ಪ್ರೀತಿಸಲು ಕಲಿತರು.

387ರ ಪಾಸ್ಖ ಜಾಗರಣೆಯಂದು ಮಿಲಾನಿನಲ್ಲಿ ಸಂತ ಆಂಬ್ರೋಸರಿಂದ ಅವರು ತಾವು ಹಿಂದೆ ಪರಿಹಾಸ ಮಾಡಿದ್ದ ಜ್ಞಾನಸ್ನಾನವನ್ನೇ ಪಡೆದರು. ಅದೇ ವರ್ಷ ತಾಯಿ, ಕೆಲವು ವರ್ಷಗಳಲ್ಲಿ ಗೆಳೆಯ ನೆಬ್ರಿಡಿಯಸ್, ಹದಿಹರೆಯದ ಮಗ ಅದಿಯೋದಾತುಸ್ ಅಗಲಿದರು. ತಾಯಿಗಾಗಿ ಅವರು ಅತ್ತರು, ಅತ್ತದ್ದನ್ನು ಮರೆಮಾಚಲಿಲ್ಲ. ನೆಬ್ರಿಡಿಯಸ್ ದೇವರ ಸನ್ನಿಧಿಯಲ್ಲಿದ್ದಾನೆ, ಅಲ್ಲಿಯೂ ತನ್ನನ್ನು ಮರೆತಿರಲಾರನೆಂದು ನಂಬಿ ಬರೆದರು.

ತಗಾಸ್ತೆಯ ಗೆಳೆಯನ ಕುರಿತು ಅವರು ‘ಕನ್ಫೆಶನ್ಸ್’ ಗ್ರಂಥದಲ್ಲಿ ಬರೆದಾಗ ಇಪ್ಪತ್ತು ವರ್ಷಗಳೇ ಸಂದಿದ್ದವು. ಜ್ವರ, ಪರಿಹಾಸ, ಕಣ್ಣೀರು ಎಲ್ಲವೂ ಅಲ್ಲಿವೆ. ಆ ಯುವಕನ ಹೆಸರನ್ನು ಮಾತ್ರ ಅವರು ಬರೆಯಲಿಲ್ಲ.