ಎಡ್ವಿನ್ ಬಡ್ಡಿಂಗ್: ಹುಲ್ಲು ಕತ್ತರಿಸುವ ಯಂತ್ರದ ಜನಕ

ಕಳೆದ ಬೇಸಿಗೆಯ ರಜೆಯಲ್ಲಿ ಹೊನ್ನಾವರದ ಒಂದು ಹಳೆಯ ಬಂಗಲೆಯ ಸಾಮಾನುಗಳನ್ನು ಗುಜರಿ ವ್ಯಾಪಾರಿಗೆ ತೂಕದ ಮೇಲೆ ಕೊಡುತ್ತಿದ್ದರು. ಮುರಿದ ಕುರ್ಚಿ, ತೂತು ಬಿದ್ದ ಹಂಡೆಗಳ ನಡುವೆ ಒಂದು ವಿಚಿತ್ರ ಯಂತ್ರವಿದ್ದಿತು. ಮುಂದೆ ತಿರುಚಿದ ಅಲಗುಗಳ ಒಂದು ಉರುಳೆ, ಹಿಂದೆ ಕಬ್ಬಿಣದ ರೋಲರು, ಮೇಲೆ ಒಂದು ಪುಟ್ಟ ಪೆಟ್ರೋಲ್ ಎಂಜಿನು. ನೀರೆತ್ತುವ ಪಂಪೆಂದು ಒಬ್ಬರು, ಅಕ್ಕಿಗಿರಣಿಯ ಭಾಗವೆಂದು ಇನ್ನೊಬ್ಬರು ವಾದಿಸುತ್ತಿದ್ದರು. ಅದು ಹುಲ್ಲುಹಾಸನ್ನು ಸಮನಾಗಿ ಕತ್ತರಿಸುವ ಯಂತ್ರ. ಹೆಸರಿನ ತಗಡು ಮಾತ್ರ ಕಿತ್ತುಹೋಗಿತ್ತು. ಅದರ ವಯಸ್ಸೆಷ್ಟೆಂದು ಹುಡುಕಹೊರಟ ನನಗೆ ದೊರೆತದ್ದು ಒಬ್ಬ ಬಡಗಿಯ ಜೀವನಚರಿತ್ರೆ.

ಎಡ್ವಿನ್ ಬಿಯರ್ಡ್ ಬಡ್ಡಿಂಗ್ 1796ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದಲ್ಲಿ ಹುಟ್ಟಿದನು. ಕಲಿತ ಕಸುಬು ಮರಗೆಲಸ. ಆದರೆ ಅವನು ಬೆಳೆದ ಸ್ಟ್ರೌಡ್ ಕಣಿವೆಯು ಬಟ್ಟೆಗಿರಣಿಗಳ ಸೀಮೆ. ಮುಂದೆ ನಮ್ಮ ಕುಮಟೆಯ ಬಂದರಿನಿಂದ ಹತ್ತಿ ಹೋದದ್ದೂ ಅದೇ ದೇಶಕ್ಕಾದರೂ ಈ ಕಣಿವೆಯದು ಉಣ್ಣೆಯ ವ್ಯವಹಾರ. ಸಿಪಾಯಿಗಳ ಕೆಂಪು ಅಂಗಿಯ ಬಟ್ಟೆಗೆ ಅದು ಹೆಸರಾಗಿದ್ದಿತು. ತೊರೆಯ ನೀರಿನಿಂದ ತಿರುಗುವ ಆ ಗಿರಣಿಗಳಿಗೆ ಕೈಚಳಕವುಳ್ಳವರು ಸದಾ ಬೇಕಾಗುತ್ತಿದ್ದರು. ಹೀಗೆ ಬಡಗಿಯು ಯಂತ್ರಕರ್ಮಿಯಾದನು.

ಮಗ್ಗದಿಂದ ಇಳಿದ ಉಣ್ಣೆಬಟ್ಟೆಯ ಮೇಲೆ ಒರಟು ನವಿರು ಎದ್ದು ನಿಂತಿರುತ್ತದೆ. ಅದನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರೇನೇ ಬಟ್ಟೆಗೆ ಮೆರುಗು. ಹಿಂದೆ ಇದನ್ನು ದೊಡ್ಡ ಕತ್ತರಿ ಹಿಡಿದು ಕೈಯಿಂದ ಮಾಡುತ್ತಿದ್ದರು. ಆಮೇಲೆ ಸುರುಳಿ ಅಲಗುಗಳ ಉರುಳೆಯನ್ನು ಒಂದು ಸ್ಥಿರವಾದ ಅಲಗಿನೆದುರು ತಿರುಗಿಸುವ ಯಂತ್ರ ಬಂದಿತು. ಬಟ್ಟೆಯ ನವಿರನ್ನು ಕತ್ತರಿಸುವುದು ನೆಲದ ಹುಲ್ಲನ್ನೇಕೆ ಕತ್ತರಿಸಬಾರದು? ಬಡ್ಡಿಂಗನಿಗೆ ಹೊಳೆದದ್ದು ಇಷ್ಟೇ. ಸಾವಿರಾರು ಜನ ದಿನವೂ ಆ ಯಂತ್ರವನ್ನು ಕಂಡಿರಬೇಕು. ಗಿರಣಿಯಿಂದ ಹೊರಗೆ ನೋಡಿದವನು ಇವನೊಬ್ಬ.

ಇದರ ಹೆಚ್ಚಳವನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ. ಮಳೆಗಾಲ ಕಳೆದ ಮೇಲೆ ಬೇಣದಲ್ಲಿ ಕರಡ ಕೊಯ್ಯುವವರನ್ನು ನಾವೆಲ್ಲ ಕಂಡಿದ್ದೇವೆ. ಒಂದು ಕೈಯಲ್ಲಿ ಹುಲ್ಲನ್ನು ಹಿಡಿದರೆ ಮಾತ್ರ ಕತ್ತಿ ಕೊಯ್ಯುತ್ತದೆ. ಹಿಡಿತಕ್ಕೇ ಸಿಗದ ಗಿಡ್ಡ ಹುಲ್ಲಿಗೆ ಅದು ನಡೆಯದು. ಇಂಗ್ಲೆಂಡಿನವರ ಉದ್ದ ಹಿಡಿಯ ಬೀಸುಗತ್ತಿಗಾದರೋ ಮುಂಜಾನೆಯ ಇಬ್ಬನಿ ಬೇಕು, ನುರಿತ ಆಳುಗಳು ಬೇಕು. ಬಡ್ಡಿಂಗನ ಯಂತ್ರ ಕೆಲಸಮಾಡುವುದು ನಮ್ಮ ಅಡಕತ್ತರಿಯಂತೆ: ಒಂದು ಅಲಗು ಚಲಿಸುತ್ತದೆ, ಅದರೆದುರಿನದು ನಿಂತಿರುತ್ತದೆ, ಸಿಕ್ಕಿದ್ದು ತುಂಡಾಗುತ್ತದೆ. ಹಿಂದಿನ ರೋಲರು ಉರುಳಿದಂತೆ ಹಲ್ಲುಚಕ್ರಗಳು ಉರುಳೆಯನ್ನು ಅನೇಕ ಪಟ್ಟು ವೇಗದಿಂದ ತಿರುಗಿಸುತ್ತವೆ. ಇದಕ್ಕೆ ಒಣಹುಲ್ಲೇ ಮೇಲು.

ಆದರೆ ಬಡಗಿಯ ಬಳಿ ಬಂಡವಾಳವೆಲ್ಲಿ? ಹತ್ತಿರದ ಥ್ರಪ್ ಎಂಬಲ್ಲಿ ಎರಕದ ಕಾರ್ಖಾನೆ ನಡೆಸುತ್ತಿದ್ದ ಜಾನ್ ಫೆರಬೀಯೊಡನೆ 1830ರ ಮೇ ತಿಂಗಳಲ್ಲಿ ಕರಾರಾಯಿತು. ಖರ್ಚು ಫೆರಬೀಯದು, ತಯಾರಿಸುವ, ಮಾರುವ, ಇತರರಿಗೆ ಪರವಾನಗಿ ಕೊಡುವ ಹಕ್ಕೂ ಅವನದೇ. ಅದೇ ವರ್ಷ ಆಗಸ್ಟ್ 31ರಂದು ಬಡ್ಡಿಂಗನ ಹೆಸರಿನಲ್ಲಿ ಪೇಟೆಂಟು ದೊರೆಯಿತು. ನೆರೆಹೊರೆಯವರು ನಕ್ಕಾರೆಂದು ಯಂತ್ರವನ್ನು ರಾತ್ರಿ ವೇಳೆ ಪರೀಕ್ಷಿಸುತ್ತಿದ್ದನೆಂಬ ಕಥೆಯೊಂದಿದೆ. ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು! ಹುಲ್ಲು ಕತ್ತರಿಸುವುದು ಸಿರಿವಂತರಿಗೂ ಒಂದು ವಿನೋದದ ವ್ಯಾಯಾಮವಾದೀತೆಂದು ಪೇಟೆಂಟಿನ ವಿವರಣೆಯಲ್ಲಿಯೇ ಸೂಚಿಸಿದ್ದಂತೂ ನಿಜ. 19 ಅಂಗುಲ ಅಗಲದ ಆ ಕಬ್ಬಿಣದ ಯಂತ್ರವನ್ನು ಒಬ್ಬನು ತಳ್ಳಿ, ಬೇಕಾದರೆ ಇನ್ನೊಬ್ಬನು ಮುಂದಿನಿಂದ ಎಳೆಯಬೇಕಿತ್ತು. ವಿನೋದ ಎಷ್ಟಿತ್ತೋ ಕಾಣೆ. ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದವರು ಮೊದಮೊದಲ ಗಿರಾಕಿಗಳಲ್ಲೊಬ್ಬರು. ಆರೆಂಟು ಆಳುಗಳ ಕೆಲಸವನ್ನು ಅದು ಮಾಡುತ್ತದೆಂದು ಅಲ್ಲಿಯ ತೋಟದ ಮುಖ್ಯಸ್ಥನು ಮೆಚ್ಚಿದನು. 1832ರಲ್ಲಿ ಇಪ್ಸ್‌ವಿಚ್‌ನ ರ‍್ಯಾನ್ಸಮ್ ಸಂಸ್ಥೆಯವರು ಪರವಾನಗಿ ಪಡೆದರು.

ಬಡ್ಡಿಂಗನು ಇಷ್ಟಕ್ಕೇ ಕೈಕಟ್ಟಿ ಕೂಡಲಿಲ್ಲ. ಒಂದು ಬಗೆಯ ಪಿಸ್ತೂಲನ್ನು ಮಾಡಿದನು. ತಿರುಪಿನಿಂದ ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಪ್ಯಾನರಿನ ಕೀರ್ತಿಯೂ ಅವನಿಗೆ ಸಲ್ಲುತ್ತದೆ. ಕೊನೆಗಾಲದಲ್ಲಿ ಡರ್ಸ್ಲಿ ಎಂಬ ಊರಿನಲ್ಲಿ ಜಾರ್ಜ್ ಲಿಸ್ಟರನ ಕಾರ್ಖಾನೆ ಸೇರಿ ಉಣ್ಣೆ ಹಿಂಜುವ ಯಂತ್ರಗಳನ್ನು ಸುಧಾರಿಸಿದನು. ಈ ಲಿಸ್ಟರನ ಮಗನೇ 1867ರಲ್ಲಿ ಸ್ವಂತ ಸಂಸ್ಥೆ ತೆರೆದವನು. ಆ ಸಂಸ್ಥೆಯ ಡೀಸೆಲ್ ಎಂಜಿನಿನ ಮಾದರಿಯನ್ನು ರಾಜಕೋಟೆಯಲ್ಲಿಯೂ ಬಹುಕಾಲ ತಯಾರಿಸಿದರು. 1846ರಲ್ಲಿ, ಐವತ್ತರ ಹೊತ್ತಿಗೆ, ಬಡ್ಡಿಂಗನು ಡರ್ಸ್ಲಿಯಲ್ಲಿ ತೀರಿಕೊಂಡನು.

ಪೇಟೆಂಟಿನ ಹದಿನಾಲ್ಕು ವರ್ಷಗಳ ಅವಧಿ ಅದಕ್ಕೆ ಮುಂಚೆಯೇ ಮುಗಿದಿತ್ತು. ಮುಂದಿನ ತಗಡುಗಳ ಮೇಲೆ ಬೇರೆಯವರ ಹೆಸರುಗಳು: ಕುದುರೆ ಎಳೆಯುವ ಯಂತ್ರ ಮಾಡಿದ ಆರ್ಬ್ರೋತಿನ ಶ್ಯಾಂಕ್ಸ್, ಸರಪಣಿ ಜೋಡಿಸಿ ಸದ್ದಡಗಿಸಿದ ಲೀಡ್ಸಿನ ಥಾಮಸ್ ಗ್ರೀನ್. 1893ರಲ್ಲಿ ಜೇಮ್ಸ್ ಸಮ್ನರನು ಉಗಿಯಂತ್ರವನ್ನು ಹೂಡಿದನು. 1902ರಲ್ಲಿ ರ‍್ಯಾನ್ಸಮ್ ಸಂಸ್ಥೆಯವರ ಪೆಟ್ರೋಲ್ ಯಂತ್ರ ಬಂದಿತು. 1921ರಿಂದ ಬರ್ಮಿಂಗ್‌ಹ್ಯಾಮಿನ ಆಟ್ಕೊ ಮನೆಮನೆಯ ಮೋಟಾರು ಯಂತ್ರವಾಯಿತು. ಚಲಾಯಿಸುವ ಶಕ್ತಿ ಬದಲಾಯಿತೇ ಹೊರತು ಈ ಯಂತ್ರಗಳ ಉರುಳೆ ಬಡ್ಡಿಂಗನದೇ.

ಆದುದರಿಂದ ಉರುಳೆಯನ್ನು ನೋಡಿ ಕಾಲ ಹೇಳುವುದು ಕಷ್ಟ. ಭಟ್ಕಳದ ಶಿಲಾಶಾಸನಗಳನ್ನು ತೋರಿಸುತ್ತ ನಮ್ಮ ಇತಿಹಾಸದ ಉಪನ್ಯಾಸಕರು ತೇದಿಯಿಲ್ಲದ ಶಾಸನದ ಕಾಲವನ್ನು ಲಿಪಿಯಿಂದ ಊಹಿಸುವ ಕ್ರಮವನ್ನು ತಿಳಿಸಿದ್ದರು. ಯಂತ್ರಕ್ಕೂ ಲಿಪಿಯುಂಟು. ಎರಕದ ಮೇಲೆ ವಜ್ರಾಕೃತಿಯ ನೋಂದಣಿ ಮುದ್ರೆಯಿದ್ದರೆ ಆ ವಿನ್ಯಾಸ 1842ರಿಂದ 1883ರ ಒಳಗೆ ನೋಂದಣಿಯಾದದ್ದು. ಬ್ರಿಟಿಷ್ ಪೇಟೆಂಟಿನ ಸಂಖ್ಯೆಗಳು 1915ರವರೆಗೆ ಪ್ರತಿವರ್ಷವೂ ಒಂದರಿಂದ ಆರಂಭವಾಗುತ್ತಿದ್ದುವು; 1916ರಿಂದ 1,00,001 ಮೊದಲಾಗಿ ಒಂದೇ ಸಾಲು. ಆದರೆ ಪೇಟೆಂಟು ಪಡೆದ ಎಷ್ಟೋ ವರ್ಷಗಳ ಮೇಲೂ ಅದೇ ಸಂಖ್ಯೆಯನ್ನು ಅಚ್ಚೊತ್ತುತ್ತಿದ್ದರು. ಅದು ಇದಕ್ಕಿಂತ ಹಳೆಯದಲ್ಲವೆಂದಷ್ಟೇ ಹೇಳುತ್ತದೆ. ಎಂಜಿನಿಗೆ ಬೇರೆಯೇ ಸಂಖ್ಯೆ, ಹಲವೊಮ್ಮೆ ಬೇರೆಯೇ ತಯಾರಕರು. ವುಲ್ವರ್‌ಹ್ಯಾಂಪ್ಟನ್ನಿನ ವಿಲಿಯರ್ಸ್ ಕಂಪನಿಯು ಅನೇಕರಿಗೆ ಎಂಜಿನು ಒದಗಿಸುತ್ತಿತ್ತು. ಹಳೆಯ ಚೌಕಟ್ಟಿಗೆ ಹೊಸ ಎಂಜಿನು ಕೂರಿಸಿದ್ದರೆ ಅದನ್ನಷ್ಟೇ ನೋಡಿದವನು ಮೋಸಹೋಗುವನು.

ನಮ್ಮ ಯಂತ್ರದ ಪಕ್ಕದ ಎರಕವನ್ನು ಸೀಮೆಎಣ್ಣೆ ಹಾಕಿ ಉಜ್ಜಿದಾಗ ಆರಂಕಿಯ ಒಂದು ಪೇಟೆಂಟ್ ಸಂಖ್ಯೆ ಎದ್ದುಬಂದಿತು. 1916ರ ಈಚಿನದೆಂದಾಯಿತು. ಹೆಚ್ಚು ನೋಡಲು ವ್ಯಾಪಾರಿಗೆ ಪುರುಸೊತ್ತಿರಲಿಲ್ಲ. ಎಂಜಿನನ್ನು ಕುಮಟೆಯ ಮೆಕ್ಯಾನಿಕರೊಬ್ಬರು ಕೊಂಡರು. ಚೌಕಟ್ಟು ತಕ್ಕಡಿಗೆ ಹೋಯಿತು. ಉರುಳೆಯನ್ನು ಬೇಡಿ ಪಡೆದು ನಾನು ಮನೆಗೆ ತಂದೆ. ಅದರ ನಟ್ಟುಗಳು ತುಕ್ಕಿನಿಂದ ಬಿಗಿದುಕೊಂಡಿದ್ದುವು. ಮೆಕ್ಯಾನಿಕರು ಚೀಲದಿಂದ ಸ್ಕ್ರೂ ಸ್ಪ್ಯಾನರು ತೆಗೆದು, ತಿರುಪು ತಿರುಗಿಸಿ ಬಾಯಿಯನ್ನು ಹೊಂದಿಸಿಕೊಂಡು, ಒಂದೊಂದಾಗಿ ಬಿಚ್ಚಿಕೊಟ್ಟರು.