ಬೋದೋ ಮಹಾಶಯನ ಅಳತೆ

ಹಳೆಯ ಮೋಡೆಮ್ ಒಂದರ ವೇಗ 600 ಬಾಡ್ ಎಂದು ಓದಿ, ಅದನ್ನು ಸೆಕೆಂಡಿಗೆ 600 ಬಿಟ್ ಎಂದು ಬರೆದು ನಾನು ತರಗತಿಯಲ್ಲಿ ತಲೆ ತಗ್ಗಿಸಿದೆನು. ಆ ತಪ್ಪೇ ನನಗೆ ಎಮಿಲ್ ಬೋದೋ ಎಂಬ ಮಹನೀಯನ ಪರಿಚಯ ಮಾಡಿಸಿತು.

1845ರಲ್ಲಿ ಫ್ರಾನ್ಸಿನ ರೈತನೊಬ್ಬನ ಮಗನಾಗಿ ಹುಟ್ಟಿದ ಈತನಿಗೆ ದೊರೆತುದು ಪ್ರಾಥಮಿಕ ಶಾಲೆಯ ಓದು ಮಾತ್ರ. 1869ರಲ್ಲಿ ತಂತಿ ಇಲಾಖೆಯನ್ನು ಸೇರಿ, ಬಿಡುವಿನ ವೇಳೆಯಲ್ಲಿ ದುಡಿದು, 1874ರಲ್ಲಿ ಹೊಸ ತಂತಿಯಂತ್ರಕ್ಕೆ ಪೇಟೆಂಟ್ ಪಡೆದನು. ಮೋರ್ಸ್ ಸಂಕೇತದಲ್ಲಿ ಒಂದು ಅಕ್ಷರ ಗಿಡ್ಡ, ಇನ್ನೊಂದು ಉದ್ದ. ಬೋದೋವಿನ ಸಂಕೇತದಲ್ಲಿ ಪ್ರತಿ ಅಕ್ಷರಕ್ಕೂ ಐದೇ ಸಮಾನ ಮಿಡಿತಗಳು. ಹಲವರು ಸರದಿಯಂತೆ ಒಂದೇ ತಂತಿಯಲ್ಲಿ ಸುದ್ದಿ ಕಳುಹಿಸುವಂತಾಯಿತು. 1903ರಲ್ಲಿ ಈತನು ತೀರಿಕೊಂಡನು. ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಅಳತೆಗೆ ಮುಂದೆ ಈತನ ಹೆಸರನ್ನೇ ಇಟ್ಟರು, ಅದೇ ಬಾಡ್.

ಟೆಲೆಕ್ಸಿನ ವೇಗ 50 ಬಾಡ್. ಅಲ್ಲಿ ಮಿಡಿತಕ್ಕೆ ಒಂದೇ ಬಿಟ್; ಆದುದರಿಂದ ಸೆಕೆಂಡಿಗೆ 50 ಬಿಟ್. ನಾನು ಎಡವಿದ ಮೋಡೆಮ್ಮಿನ ಒಂದೊಂದು ಮಿಡಿತವೂ 4 ಬಿಟ್ ಹೊರುತ್ತಿತ್ತು. 600ನ್ನು 4ರಿಂದ ಗುಣಿಸಿದರೆ 2,400 ಬಿಟ್, ಎಂದರೆ 2.4 ಕಿಲೋಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ ಟೆಲೆಕ್ಸಿನ 20 ಲಕ್ಷ ಪಟ್ಟು!

ಮಿಡಿತಗಳ ಎಣಿಕೆ ಬೇರೆ, ಅವು ಹೊರುವ ಹೊರೆ ಬೇರೆ. ಎರಡನ್ನೂ ಒಂದೆಂದು ಬಗೆದುದೇ ನನ್ನ ತಪ್ಪು.