ಕಡಲಿನ ಏರಿಳಿತಕ್ಕೆ ಲೆಕ್ಕವಿಟ್ಟ ಬೇರ್ಡ್

ಉಮರ್ಗಾ, ನಿಲಂಗಾ, ಉದಗೀರ ಸೀಮೆಯವರಾದ ನಮಗೆ ಕಡಲು ಬಹು ದೂರ. ಆದರೂ ನಮ್ಮ ನೆಲದ ಎತ್ತರವನ್ನು ಹೇಳಬೇಕಾದಾಗಲೆಲ್ಲ ಕಡಲನ್ನೇ ನೆನೆಯುತ್ತೇವೆ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದ ಅದರ ಎತ್ತರವೂ ಇರುತ್ತದೆ. ದಿನಕ್ಕೆ ಎರಡು ಸಲ ಏರಿ ಇಳಿಯುವ ಕಡಲಿಗೆ ಸ್ಥಿರವಾದ ಒಂದು ಮಟ್ಟ ದೊರೆತದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಎದುರಾಗುವ ಹೆಸರು ಆಂಡ್ರ್ಯೂ ವಿಲ್ಸನ್ ಬೇರ್ಡ್. ಉಬ್ಬರವಿಳಿತ ಶಾಸ್ತ್ರದ ಚರಿತ್ರೆಯಲ್ಲಿ ಅವರದು ಪ್ರಸಿದ್ಧ ನಾಮಧೇಯ.

ಬೇರ್ಡ್ ಅವರು 1842ರ ಏಪ್ರಿಲ್ 26ರಂದು ಸ್ಕಾಟ್‌ಲೆಂಡಿನ ಅಬರ್ಡೀನಿನಲ್ಲಿ ಜನಿಸಿದರು. ಅಲ್ಲಿನ ಮಾರಿಷಲ್ ಕಾಲೇಜಿನಲ್ಲಿ ಓದಿ, ಸೈನಿಕ ಶಿಕ್ಷಣ ಮುಗಿಸಿ, 1861ರಲ್ಲಿ ರಾಯಲ್ ಎಂಜಿನಿಯರ್ಸ್ ದಳವನ್ನು ಸೇರಿದರು. 1864ರಲ್ಲಿ ಭಾರತಕ್ಕೆ ಬಂದು ಮುಂಬಯಿ ಬಂದರಿನ ರಕ್ಷಣಾ ಕಾಮಗಾರಿಗಳಲ್ಲಿ ತೊಡಗಿದರು. 1868ರ ಅಬಿಸೀನಿಯಾ ದಂಡಯಾತ್ರೆಯಲ್ಲಿ ಸೈನ್ಯದ ರೈಲುಮಾರ್ಗದ ಸಂಚಾರವನ್ನು ನೋಡಿಕೊಂಡರು. ಮರುವರ್ಷದ ಕೊನೆಗೆ ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ನೇಮಕಗೊಂಡು ಕಾಠಿಯಾವಾಡ, ಗುಜರಾತುಗಳಲ್ಲಿ ದುಡಿದರು. ಅಲ್ಲಿಯವರೆಗೆ ಅವರದು ಅನೇಕ ಸೇನಾ ಎಂಜಿನಿಯರರಂಥದೇ ಬದುಕು.

ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಥಾಮಸ್ ವಾಕರ್ ಅವರಿಗೆ ಕಛ್ ಕೊಲ್ಲಿಯ ಬಗ್ಗೆ ಒಂದು ಸಂದೇಹವಿತ್ತು. 1819ರ ಭೂಕಂಪದಲ್ಲಿ ಆ ಸೀಮೆಯ ನೆಲ ಒಂದೆಡೆ ಮೇಲೆದ್ದು ಇನ್ನೊಂದೆಡೆ ಕುಸಿದಿತ್ತು. ನೆಲ ಇನ್ನೂ ಚಲಿಸುತ್ತಿದೆಯೇ ಎಂಬುದನ್ನು ಕಡಲಿನ ಮಟ್ಟಕ್ಕೆ ಹೋಲಿಸಿಯೇ ತಿಳಿಯಬೇಕು. ಈ ಕೆಲಸಕ್ಕೆ ಅವರು ಬೇರ್ಡ್ ಅವರನ್ನು ಆರಿಸಿದರು. ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದ ಬೇರ್ಡ್, ವಿಲಿಯಂ ಥಾಮ್ಸನ್ ಅವರು, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು, ರೂಪಿಸಿದ್ದ ಉಬ್ಬರ ವಿಶ್ಲೇಷಣೆಯ ಕ್ರಮವನ್ನು ಅಭ್ಯಾಸ ಮಾಡಿದರು. 1873ರಿಂದ 1875ರವರೆಗೆ ಕೊಲ್ಲಿಯ ಬಾಯಿಯಲ್ಲಿರುವ ಓಖಾ, ನಡುವಿನ ನವಾನಾರ್, ತುದಿಯ ಕೆಸರು ನೆಲದ ಹಂಸಥಲ ಎಂಬ ಮೂರು ಕಡೆ ವೀಕ್ಷಣೆ ನಡೆಸಿದರು.

ಆ ಉಪಕರಣದ ರಚನೆ ಸರಳ. ಕಡಲಿನ ನೀರು ಒಳಬರುವಂತೆ ಕೊಳವೆ ಜೋಡಿಸಿದ ಬಾವಿಯಲ್ಲಿ ಒಂದು ತೇಲುಗುಂಡು. ಅದಕ್ಕೆ ಕಟ್ಟಿದ ತಂತಿ ಗಾಲಿಗಳ ಮೇಲೆ ಹಾಯ್ದು ಪೆನ್ಸಿಲನ್ನು ಸರಿಸುತ್ತದೆ. ಗಡಿಯಾರದ ಯಂತ್ರ ತಿರುಗಿಸುವ ಉರುಳೆಯ ಕಾಗದದ ಮೇಲೆ ಏರಿಳಿತದ ರೇಖೆ ಮೂಡುತ್ತದೆ. ಕಷ್ಟವೆಲ್ಲ ಇದ್ದದ್ದು ಆ ರೇಖೆಯನ್ನು ನಂಬಲರ್ಹವಾಗಿಸುವುದರಲ್ಲಿ. ಗಡಿಯಾರ ಮುಂದೆ ಹಿಂದೆ ಹೋಗಬಾರದು. ಕೊಳವೆಯಲ್ಲಿ ಹೂಳು ತುಂಬಬಾರದು. ಅಳತೆಯ ಸೊನ್ನೆ ಎಲ್ಲಿದೆ ಎಂಬುದನ್ನು ದಡದ ಗಟ್ಟಿ ಕಲ್ಲಿನ ಗುರುತಿಗೆ ಹೋಲಿಸಿ ಬರೆದಿಡಬೇಕು. ಬಳಿಕ ಗಂಟೆಗೊಂದರಂತೆ ವರ್ಷಕ್ಕೆ 8,760 ಎತ್ತರಗಳನ್ನು ರೇಖೆಯಿಂದ ಓದಿ ಲೆಕ್ಕಕ್ಕೆ ಇಳಿಸಬೇಕು. ಪದ್ಯದ ಪಾದವನ್ನು ಗಣಗಳಾಗಿ ಬಿಡಿಸುವಂತೆ, ಆ ಒಂದೇ ರೇಖೆಯಿಂದ ಚಂದ್ರನ ಸುಮಾರು 12 ಗಂಟೆ 25 ನಿಮಿಷದ ಲಯ, ಸೂರ್ಯನ 12 ಗಂಟೆಯ ಲಯ, ಇನ್ನಿತರ ಹಲವು ಲಯಗಳನ್ನು ಬೇರ್ಪಡಿಸುವುದೇ ಕೆಲ್ವಿನ್ನರ ಕ್ರಮ. ಹೀಗೆ ಬಿಡಿಸಿದ ಲಯಗಳನ್ನು ಮತ್ತೆ ಕೂಡಿಸಿದರೆ ಬರುವ ವರ್ಷದ ಉಬ್ಬರದ ವೇಳೆಯನ್ನೂ ಮುಂಚಿತವಾಗಿ ಹೇಳಬಹುದು.

1877ರ ಜುಲೈನಲ್ಲಿ ಭಾರತ ಸರ್ಕಾರವು ಈ ವೀಕ್ಷಣೆಯನ್ನು ಮುಖ್ಯ ಬಂದರುಗಳಿಗೆಲ್ಲ ವಿಸ್ತರಿಸಲು ನಿರ್ಧರಿಸಿ ಅದರ ಹೊಣೆಯನ್ನು ಬೇರ್ಡ್ ಅವರಿಗೆ ವಹಿಸಿತು. ಏಡನ್, ಕರಾಚಿ, ಮುಂಬಯಿ, ಬೇಪೂರು, ಮದರಾಸು, ವಿಶಾಖಪಟ್ಟಣ, ರಂಗೂನ್ ಮುಂತಾದ ಕಡೆ ಮಾಪಕಗಳು ನೆಲೆಗೊಂಡವು. ಕನ್ನಡದ ಕರಾವಳಿಯಲ್ಲಿ ಆ ಭಾಗ್ಯ ಕಾರವಾರಕ್ಕೆ ಬಂತು; 1878ರಿಂದ 1883ರವರೆಗೆ ಅಲ್ಲಿನ ಕಡಲಿನ ಏರಿಳಿತ ಕಾಗದಕ್ಕೆ ಇಳಿಯಿತು. ಸಾಮ್ರಾಜ್ಯಕ್ಕೆ ಬೇಕಾಗಿದ್ದದ್ದು ಹಡಗುಗಳ ಸುರಕ್ಷತೆ ಮತ್ತು ವ್ಯಾಪಾರ. ಹಗಲಿರುಳು ಮಾಪಕದ ಬಳಿ ಕಾದವರು, ಅಂಕಿಗಳನ್ನು ತಿದ್ದಿ ಬರೆದವರು ಅಲ್ಪ ಸಂಬಳದ ದೇಶೀ ಗುಮಾಸ್ತರು. ಗ್ರಂಥದ ಮುಖಪುಟದಲ್ಲಿ ಬೇರ್ಡ್ ಅವರ ಹೆಸರಿದೆ. ಒಳಗಿನ ಅಂಕಿಗಳಲ್ಲಿ ಇವರ ಶ್ರಮವಿದೆ.

ಕಾರವಾರದ ಆ ಐದು ವರ್ಷಗಳ ಲೆಕ್ಕ ಬಂದರಿನಲ್ಲಿಯೇ ಉಳಿಯಲಿಲ್ಲ. ಸರ್ವೇಕ್ಷಣೆಯವರು ಕರಾವಳಿಯ ಸರಾಸರಿ ಸಮುದ್ರಮಟ್ಟದಿಂದ ಹೊರಟು ಮಟ್ಟದ ಅಳತೆಯನ್ನು ಒಳನಾಡಿಗೆ ಹೆಜ್ಜೆಹೆಜ್ಜೆಯಾಗಿ ಒಯ್ದರು. 1909ರಲ್ಲಿ ಭಾರತದ ಮೊದಲ ಮಟ್ಟಮಾಪನ ಜಾಲ ಸಿದ್ಧವಾದಾಗ ಅದಕ್ಕೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ಕಾರವಾರವೂ ಒಂದು. ದಖ್ಖನಿನ ಊರುಗಳ ಎತ್ತರಕ್ಕೆ ಬುನಾದಿಯಾದದ್ದು ಇಂಥ ಅಂಕಿಗಳೇ.

ದಾಖಲೆಯ ಬೆಲೆ ಅನಿರೀಕ್ಷಿತವಾಗಿಯೂ ತೋರಿಬಂತು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಭೂಕಂಪವಾಗಿ ಎದ್ದ ಸುನಾಮಿ ಅಲೆಗಳನ್ನು ಬಂಗಾಳ ಕೊಲ್ಲಿಯ ಸುತ್ತಲಿನ ಎಂಟು ಮಾಪಕಗಳು ಗುರುತಿಸಿದವು. ಆ ಅಲೆ ಒಂದು ಮೀಟರಿಗೂ ಕಡಿಮೆ. 1883ರ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ ಅದರ ಅಲೆಗಳೂ ಇದೇ ಕಾಗದಗಳ ಮೇಲೆ ಮೂಡಿದವು. ಬೇರ್ಡ್ ಅದರ ವರದಿಯನ್ನು ಬರೆದು ಲಂಡನ್ನಿನ ರಾಯಲ್ ಸೊಸೈಟಿಯ ಮೂಲಕ ಪ್ರಕಟಿಸಿದರು.

ಬೇರ್ಡ್ ಅವರ ಹಿರಿಮೆ ಇರುವುದು ಇಲ್ಲಿ. ಅಂಕಿಗಳನ್ನು ಅವರು ಕಚೇರಿಯ ಕಪಾಟಿನಲ್ಲಿ ಕೂಡಿಡಲಿಲ್ಲ. 1881ರ ವೆನಿಸ್ ಭೂಗೋಳ ಸಮ್ಮೇಳನದಲ್ಲಿ ತಮ್ಮ ಕಾರ್ಯವನ್ನು ಪ್ರದರ್ಶಿಸಿದರು. 1885ರಲ್ಲಿ ಜಾರ್ಜ್ ಡಾರ್ವಿನ್ ಅವರೊಡನೆ ಫಲಿತಾಂಶಗಳನ್ನು ಪ್ರಕಟಿಸಿದರು. 1886ರಲ್ಲಿ ವೀಕ್ಷಣೆಯ ವಿಧಾನವನ್ನೆಲ್ಲ ವಿವರಿಸುವ ಕೈಪಿಡಿ ಹೊರತಂದರು. ಶಾಸನವನ್ನು ಓದಿದ ವಿದ್ವಾಂಸನು ಅದು ದೊರೆತ ಸ್ಥಳ, ಅಕ್ಷರ, ಕಾಲ, ಸವೆದ ಭಾಗಗಳನ್ನು ತಿಳಿಸಿ ಪಾಠವನ್ನು ಅಚ್ಚು ಹಾಕಿಸಿದರೆ ಮಾತ್ರ ಮುಂದಿನವರಿಗೆ ಅದು ಆಕರವಾಗುತ್ತದೆ. ನಮ್ಮ ಗಡಿಸೀಮೆಯ ಕನ್ನಡ ಶಾಸನಗಳ ವಿಷಯದಲ್ಲಿ ನಾವು ಕಲಿತ ಈ ನಿಯಮ ಕಡಲಿನ ಅಂಕಿಗಳಿಗೂ ಸಲ್ಲುತ್ತದೆ. ಎಲ್ಲಿಂದ, ಯಾವಾಗ, ಯಾವ ಸೊನ್ನೆಯಿಂದ ಎಂಬುದನ್ನು ಹೇಳದ ಅಂಕಿ ಮೂಕ.

1885ರಲ್ಲಿ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ಮುಂದೆ ಅವರು ಕಲ್ಕತ್ತೆಯ ಟಂಕಸಾಲೆಯ ಮುಖ್ಯಸ್ಥರಾದರು. 1897ರಲ್ಲಿ ಕರ್ನಲ್ ಪದವಿಯಲ್ಲಿ ನಿವೃತ್ತರಾಗಿ ತಾಯ್ನಾಡಿಗೆ ಮರಳಿ, 1908ರ ಏಪ್ರಿಲ್ 2ರಂದು ತೀರಿಕೊಂಡರು.

ಅವರ ದಾಖಲೆಗಳು ಮಾತ್ರ ಕೆಲಸ ಮಾಡುತ್ತಲೇ ಇದ್ದವು. 2003ರಲ್ಲಿ ಇಬ್ಬರು ವಿಜ್ಞಾನಿಗಳು 1881ರ ಆ ರೇಖೆಗಳನ್ನು ಮತ್ತೆ ಓದಿ, ನಿಕೋಬಾರಿನ ಬಳಿ ಸಮುದ್ರತಳ ಸೀಳಿದ ಬಗೆಯನ್ನು ಲೆಕ್ಕಹಾಕಿದರು. ಮರುವರ್ಷ, 2004ರ ಡಿಸೆಂಬರ್ 26ರಂದು, ಅದೇ ಸಮುದ್ರದಲ್ಲಿ ಮಹಾ ಸುನಾಮಿ ಎದ್ದು ಲಕ್ಷಾಂತರ ಜನ ಸತ್ತರು. ಹಳೆಯ ಅಂಕಿ ಇತ್ತು; ಆದರೆ ಅಲೆ ಎದ್ದ ಕ್ಷಣದಲ್ಲಿಯೇ ಅದರ ಸುದ್ದಿಯನ್ನು ಬಂದರಿನಿಂದ ಬಂದರಿಗೆ ಹಂಚುವ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಆ ಕೊರತೆಯನ್ನು ತುಂಬಲು 2007ರಲ್ಲಿ ಭಾರತದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಕೆಲಸ ಆರಂಭಿಸಿತು. ಕರಾವಳಿಯ ಮಾಪಕಗಳ ಅಂಕಿಗಳು ಈಗ ಗಳಿಗೆಗಳಿಗೆಗೂ ಅಲ್ಲಿಗೆ ಬಂದು ಸೇರುತ್ತವೆ. ಆ ಕೇಂದ್ರವಿರುವುದು ಯಾವ ಬಂದರಿನಲ್ಲಿಯೂ ಅಲ್ಲ. ಉಮರ್ಗಾದ ಮೇಲೆ ಹಾಯ್ದುಹೋಗುವ ಹೆದ್ದಾರಿಯ ದಾರಿಯಲ್ಲೇ ಇರುವ, ಕಡಲು ಕಾಣದ ಹೈದರಾಬಾದಿನಲ್ಲಿ.